ಸೊಟ್ಟಾದ ಮೊಣಕೈ ನೆಟ್ಟಗಾಗುವ ಬಗೆ

ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಎಲುಬಿನ ಶಸ್ತ್ರಚಿಕಿತ್ಸೆಯ ವಿಷಯವನ್ನು ಎತ್ತಿಕೊಂಡು ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಾನು ವೈದ್ಯಶಾಸ್ತ್ರ ಓದಿದವಳಲ್ಲ. ಚರಿತ್ರೆಯೂ ಅರ್ಥಶಾಸ್ತ್ರವೂ ನನ್ನ ಪಾಠದ ವಿಷಯಗಳು. ಆದರೂ ಈ ಒಂದು ವಿಷಯವನ್ನು ನಾನು ಕಲಿಯಲೇಬೇಕಾಗಿ ಬಂತು. ನನ್ನ ತಮ್ಮನ ಎಡಗೈ ಅದಕ್ಕೆ ಕಾರಣ. ಕಲಿತುದನ್ನು ನಾಲ್ಕು ಮಂದಿಗೆ ಹೇಳದೆ ಇಟ್ಟುಕೊಂಡರೆ ನಮ್ಮ ಮನೆಯಲ್ಲಿ ಆದ ತಪ್ಪು ಇನ್ನೊಂದು ಮನೆಯಲ್ಲಿಯೂ ಆದೀತೆಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ನಂತೂರಿನಲ್ಲಿದೆ. ಉಡುಪಿಯ ಕಡೆಯ ಹೆದ್ದಾರಿಯೂ ಮೂಡುಬಿದಿರೆಯ ಕಡೆಯ ಹೆದ್ದಾರಿಯೂ ಕೂಡುವ ಆ ವೃತ್ತದಲ್ಲಿ ಬಸ್ಸಿಗೆ ಕಾಯದ ಸಹಪಾಠಿಗಳು ಕಡಿಮೆ. ತಂದೆಯವರಿಗೆ ಬಂದರಿನ ದಕ್ಕೆಯಲ್ಲಿ ಹೊರೆ ಹೊರುವ ಕೆಲಸ. ತಾಯಿ ಬೀಡಿ ಕಟ್ಟುತ್ತಾರೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. 2022ರ ಮೇ ತಿಂಗಳಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದಾಗ, ಆರು ವರ್ಷದ ತಮ್ಮನನ್ನು ನನ್ನ ಸುಪರ್ದಿಗೆ ಬಿಟ್ಟು ತಾಯಿ ಬೀಡಿ ಕೊಡಲು ಹೋಗಿದ್ದರು. ನಾನು ಪುಸ್ತಕದಲ್ಲಿ ಮುಳುಗಿದ್ದೆ. ಅವನು ಹಿತ್ತಿಲ ಕಾಟುಮಾವಿನ ಮರ ಹತ್ತಿ, ಕೊಂಬೆಯಿಂದ ಜಾರಿ, ಎಡಗೈಯನ್ನು ನೆಲಕ್ಕೆ ಊರಿ ಬಿದ್ದನು. ಮೊಣಕೈ ನೋಡನೋಡುತ್ತಿದ್ದಂತೆಯೇ ಬಾತುಕೊಂಡಿತು.

ಮಕ್ಕಳು ಬಿದ್ದಾಗ ಮೊಣಕೈಯ ಹತ್ತಿರವೇ ಎಲುಬು ಮುರಿಯುವುದು ಯಾಕೆ? ಇದಕ್ಕೆ ಎಲುಬಿನ ಆಕಾರವೇ ಉತ್ತರ ಕೊಡುತ್ತದೆ. ಭುಜದಿಂದ ಮೊಣಕೈವರೆಗೆ ಇರುವುದು ಒಂದೇ ತೋಳೆಲುಬು. ಮೇಲೆ ಅದು ಕೊಳವೆಯಂತೆ ಗುಂಡಗಿದೆ. ಕೆಳಗೆ ಬರುತ್ತ ಚಪ್ಪಟೆಯಾಗಿ ಅಗಲವಾಗುತ್ತದೆ. ಅಲ್ಲಿ ಹಿಂದೊಂದು, ಮುಂದೊಂದು ಗುಳಿಯಿದೆ. ಕೈಯನ್ನು ನೀಡಿದಾಗ ಮುಂಗೈ ಎಲುಬಿನ ಕೊಕ್ಕೆ ಹಿಂದಿನ ಗುಳಿಯಲ್ಲಿ ಕೂತುಕೊಳ್ಳುತ್ತದೆ. ಎರಡು ಗುಳಿಗಳ ನಡುವೆ ಉಳಿಯುವುದು ತೀರ ತೆಳ್ಳಗಿನ ಎಲುಬಿನ ಪದರ ಮಾತ್ರ. ಮಕ್ಕಳ ಕೀಲುಗಳು ಸಡಿಲ. ಕೈ ಊರಿ ಬಿದ್ದಾಗ ಮೊಣಕೈ ಹಿಂದಕ್ಕೆ ಮಿತಿಮೀರಿ ಬಾಗುತ್ತದೆ. ಆಗ ಆ ಕೊಕ್ಕೆಯೇ ಮೀಟುಗೋಲಿನಂತೆ ಒತ್ತಿ, ತೆಳ್ಳಗಿನ ಜಾಗವನ್ನು ಮುರಿಯುತ್ತದೆ. ಇದನ್ನು ವೈದ್ಯರು ಸುಪ್ರಾಕಾಂಡೈಲರ್ ಮುರಿತವೆನ್ನುತ್ತಾರೆ. ಮಕ್ಕಳ ಮೊಣಕೈಯಲ್ಲಿ ಆಗುವ ಮುರಿತಗಳಲ್ಲಿ ಇದೇ ಹೆಚ್ಚಿನದು. ಐದರಿಂದ ಏಳು ವರ್ಷದವರಲ್ಲಿ ಅತಿ ಸಾಮಾನ್ಯ, ಎಡಗೈಯಲ್ಲಿಯೇ ಹೆಚ್ಚು. ನನ್ನ ತಮ್ಮ ಈ ಎಲ್ಲ ಲೆಕ್ಕಕ್ಕೂ ಸರಿಯಾಗಿ ಹೊಂದಿದ್ದನು!

1959ರಲ್ಲಿ ಗಾರ್ಟ್‌ಲಂಡ್ ಎಂಬ ಅಮೆರಿಕದ ವೈದ್ಯರು ಈ ಮುರಿತವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಎಲುಬು ಬಿರುಕು ಬಿಟ್ಟರೂ ಜಾಗ ಬಿಟ್ಟು ಕದಲದಿದ್ದರೆ ಮೊದಲನೆಯದು. ಮುಂದೆ ಬಿರಿದು, ಹಿಂದಿನ ಪದರ ಮಾತ್ರ ಕೂಡಿಕೊಂಡೇ ಇದ್ದರೆ ಎರಡನೆಯದು. ಎರಡೂ ತುಂಡುಗಳು ಪೂರ್ತಿ ಬೇರೆಯಾದರೆ ಮೂರನೆಯದು. ಮೊದಲನೆಯದಕ್ಕೆ ಪ್ಲಾಸ್ಟರು ಸಾಕು. ಮೂರನೆಯದಕ್ಕೆ, ಎರಡನೆಯದರಲ್ಲಿಯೂ ಹಲವಕ್ಕೆ, ಮಗುವಿಗೆ ಅರಿವಳಿಕೆ ಕೊಟ್ಟು, ಎಕ್ಸ್-ರೇ ಪರದೆಯನ್ನು ನೋಡುತ್ತ ಎಲುಬನ್ನು ಜಾಗಕ್ಕೆ ಕೂಡಿಸಿ, ಚರ್ಮದ ಮೂಲಕವೇ ಸಣ್ಣ ಉಕ್ಕಿನ ತಂತಿಗಳನ್ನು ಚುಚ್ಚಿ ನಿಲ್ಲಿಸುತ್ತಾರೆ. ಮೂರು ನಾಲ್ಕು ವಾರಗಳಲ್ಲಿ ತಂತಿ ತೆಗೆದರೆ ಮುಗಿಯಿತು. ಹೊರಗಿನಿಂದ ನೋಡಿದರೆ ಮೂರು ದರ್ಜೆಗಳಲ್ಲಿಯೂ ಊತ ಕಾಣಬಹುದು. ಯಾವುದು ಯಾವುದೆಂದು ಎಕ್ಸ್-ರೇ ಇಲ್ಲದೆ ಕೈಯಿಂದ ಮುಟ್ಟಿ ಹೇಳಲು ಬಾರದು.

ನಾವು ಎಕ್ಸ್-ರೇ ತೆಗೆಸಲಿಲ್ಲ. ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರಿನ ಒಳಗೆ ಹಂಪನಕಟ್ಟೆಯಲ್ಲಿ 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆ ಇದೆ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರರು ಬಡವರ ಔಷಧಾಲಯವಾಗಿ ತೊಡಗಿದ ದೊಡ್ಡ ಆಸ್ಪತ್ರೆ ಇದೆ. ಇಷ್ಟು ಹತ್ತಿರ ಇಷ್ಟು ವೈದ್ಯರಿರುವ ಊರು ರಾಜ್ಯದಲ್ಲಿ ಹೆಚ್ಚಿಲ್ಲ. ಆದರೂ ನಾವು ಬಾಡಿಗೆ ರಿಕ್ಷಾ ಮಾಡಿ, ದೂರದ ಹಳ್ಳಿಯ ಒಬ್ಬ ನಾಟಿ ವೈದ್ಯರಲ್ಲಿಗೆ ಹೋದೆವು. ಅಜ್ಜಿಯ ಕಾಲು ಮುರಿದಾಗ ಅವರೇ ಕಟ್ಟು ಹಾಕಿದ್ದರು, ಕಾಲು ಸರಿಯಾಗಿತ್ತು. “ಆಸ್ಪತ್ರೆಗೆ ಹೋದರೆ ಕೊಯ್ಯುತ್ತಾರೆ” ಎಂಬ ಹೆದರಿಕೆ ಒಂದು. ಎಷ್ಟು ಖರ್ಚಾದೀತೋ ಎಂಬ ಹೆದರಿಕೆ ಇನ್ನೊಂದು. ಬಡವರು ಹೀಗೆ ಮಾಡುವುದನ್ನು ಮೂಢತನವೆಂದು ನಗುವವರಿದ್ದಾರೆ. ನಾನು ನಗಲಾರೆ. ಕದಲದ ಮುರಿತ ಯಾವ ಕಟ್ಟಿನಲ್ಲಿಯೂ ಕೂಡುತ್ತದೆ. ಹಾಗೆ ಕೂಡಿದುದನ್ನು ಕಣ್ಣಾರೆ ಕಂಡವರಿಗೆ ನಂಬಿಕೆ ಹುಟ್ಟುವುದು ಸಹಜ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. “ಎಕ್ಸ್-ರೇ ಬೇಡ, ಕೈಗೆ ಗೊತ್ತಾಗುತ್ತದೆ” ಎಂದು ಅವರು ಹೇಳಿದಾಗ, ಅಲ್ಲಿದ್ದವರಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ನಾನೂ ಸುಮ್ಮನಿದ್ದೆ.

ಎಣ್ಣೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆಯಿಂದ ಬಿಗಿಯಾಗಿ ಕಟ್ಟಿದರು. ಅಂದು ರಾತ್ರಿ ತಮ್ಮ ಬೆರಳು ಜುಮುಗುಟ್ಟುತ್ತದೆಂದು ಅಳುತ್ತಿದ್ದನು. ತಾಯಿ ಅದನ್ನು ನೋಡಲಾರದೆ, ಯಾರನ್ನೂ ಕೇಳದೆ, ಕಟ್ಟನ್ನು ಸ್ವಲ್ಪ ಸಡಿಲಿಸಿದರು. ಅವನ ಕೈ ಉಳಿದುದು ಅದರಿಂದಲೇ ಎಂದು ಮುಂದೆ ವೈದ್ಯರು ನಮಗೆ ಹೇಳಿದರು. ಮೊಣಕೈಯ ಮುಂದೆಯೇ ಕೈಯ ಮುಖ್ಯ ರಕ್ತನಾಳ ಹರಿಯುತ್ತದೆ. ಮುರಿದ ಎಲುಬಿನ ಮೊನೆ ಅದನ್ನು ಒತ್ತಬಹುದು. ಊತವೂ ಬಿಗಿಯಾದ ಕಟ್ಟೂ ಸೇರಿ ರಕ್ತ ಹರಿಯದಂತೆ ಮಾಡಬಹುದು. ಸುಮಾರು ಆರು ಗಂಟೆ ರಕ್ತ ಸಿಕ್ಕದಿದ್ದರೆ ಮಾಂಸಖಂಡ ಸಾಯತೊಡಗುತ್ತದೆ. ಬೆರಳುಗಳು ಕೊಕ್ಕೆಯಂತೆ ಮಡಚಿ ಹಾಗೆಯೇ ನಿಂತುಬಿಡುತ್ತವೆ. ಜರ್ಮನಿಯ ಫೋಕ್‌ಮನ್ ಎಂಬ ಶಸ್ತ್ರವೈದ್ಯರು 1881ರಲ್ಲಿ ಇದನ್ನು ವಿವರಿಸಿದುದರಿಂದ ಅದು ಅವರ ಹೆಸರಿನಲ್ಲಿಯೇ ಇದೆ. ಅದರ ಮುಂದೆ ಸೊಟ್ಟ ಮೊಣಕೈ ಏನೇನೂ ಅಲ್ಲ.

ನಮ್ಮ ಹಳೆಯ ವೈದ್ಯವನ್ನು ಇದಕ್ಕಾಗಿ ದೂರಬೇಕೇ? ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗದು, ಬಿಗಿಯಾದರೆ ಊತ, ನೋವು, ಕೀವು ಉಂಟಾಗುವುವು, ಆದುದರಿಂದ ಹದವಾಗಿ ಕಟ್ಟಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಎಳೆಯರ ಎಲುಬು ಒಂದು ತಿಂಗಳಲ್ಲಿ, ನಡುವಯಸ್ಸಿನವರದು ಅದರ ಎರಡರಷ್ಟು ಕಾಲದಲ್ಲಿ, ಮುದುಕರದು ಮೂರರಷ್ಟು ಕಾಲದಲ್ಲಿ ಕೂಡುತ್ತದೆಂಬ ಲೆಕ್ಕವೂ ಇದೆ. ಇನ್ನೂ ಆಶ್ಚರ್ಯವೆಂದರೆ, ಎಲುಬು ಸೊಟ್ಟಾಗಿ ಕೂಡಿಕೊಂಡಿದ್ದರೆ ಅದನ್ನು ಮತ್ತೆ ಮುರಿದು, ಸರಿಮಾಡಿ, ಹೊಸ ಮುರಿತದಂತೆಯೇ ಉಪಚರಿಸಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಇಂದು ಆಸ್ಪತ್ರೆಯಲ್ಲಿ ಮಾಡುವುದರ ಮೂಲತತ್ತ್ವವೂ ಇದೇ. ಹಳೆಯ ವಿದ್ಯೆ ನಮ್ಮನ್ನು ಕೆಡಿಸಲಿಲ್ಲ. ಆ ವಿದ್ಯೆಯ ಎಚ್ಚರಿಕೆ ಮರೆತುಹೋದುದು ನಮ್ಮನ್ನು ಕೆಡಿಸಿತು.

ಆರು ವಾರದ ಮೇಲೆ ಕಟ್ಟು ಬಿಚ್ಚಿದಾಗ ನೋವಿರಲಿಲ್ಲ. ಕೈ ಮಡಚುತ್ತಿತ್ತು, ನೀಡುತ್ತಿತ್ತು. ಮನೆಯವರೆಲ್ಲ ಸಂತೋಷಪಟ್ಟೆವು. ಶಾಲೆ ತೆರೆದ ಮೇಲೆ ಒಂದು ದಿನ ಅವನು ಎರಡೂ ಕೈಗಳನ್ನು ಜೋಲುಬಿಟ್ಟು ನಿಂತಿದ್ದಾಗ ನನ್ನ ಎದೆ ಧಸಕ್ಕೆಂದಿತು. ಎಡಗೈ ಮೊಣಕೈಯಿಂದ ಕೆಳಗೆ ಒಳಕ್ಕೆ ತಿರುಗಿ ಸೊಂಟದ ಕಡೆಗೆ ಬಾಗಿತ್ತು.

ಓದುಗರು ಕನ್ನಡಿಯ ಮುಂದೆ ಅಂಗೈಯನ್ನು ಮುಂದಕ್ಕೆ ತಿರುಗಿಸಿ ಕೈಗಳನ್ನು ಇಳಿಬಿಟ್ಟು ನೋಡಬಹುದು. ಮುಂಗೈ ತೋಳಿನ ನೇರಕ್ಕೆ ಇರುವುದಿಲ್ಲ. ಸ್ವಲ್ಪ ಹೊರಕ್ಕೆ ವಾಲಿರುತ್ತದೆ. ಈ ವಾಲು ಸಾಮಾನ್ಯವಾಗಿ 5ರಿಂದ 15 ಡಿಗ್ರಿ. ಹೆಂಗಸರಲ್ಲಿ ತುಸು ಹೆಚ್ಚು. ಕೊಡಪಾನವನ್ನು ಕೈಯಲ್ಲಿ ಹಿಡಿದು ನಡೆಯುವಾಗ ಅದು ತೊಡೆಗೆ ತಾಗದಿರಲು ಈ ವಾಲು ಸಹಾಯಕ. ಅದಕ್ಕೇ ಇದನ್ನು ಹೊರೆ ಹಿಡಿಯುವ ಕೋನವೆಂದು ಕರೆಯುವುದು. ಮುರಿದ ಕೆಳತುಂಡು ಒಳಕ್ಕೆ ವಾಲಿ, ಒಳಕ್ಕೆ ತಿರುಗಿ, ಹಾಗೆಯೇ ಕೂಡಿಕೊಂಡರೆ ಕೋನ ಉಲ್ಟಾ ಆಗುತ್ತದೆ. ಇದಕ್ಕೆ ಕ್ಯುಬಿಟಸ್ ವೇರಸ್ ಎಂದು ಹೆಸರು. ನೋಡಲು ಬಂದೂಕಿನ ಹಿಡಿಯಂತೆ ಇರುವುದರಿಂದ ಆ ಹೆಸರಿನಿಂದಲೂ ಕರೆಯುವುದುಂಟು.

“ಮಗು ಬೆಳೆಯುತ್ತ ತಾನೇ ಸರಿಯಾಗುತ್ತದೆ” ಎಂದು ನೆರೆಕರೆಯವರು ಸಮಾಧಾನ ಹೇಳಿದರು. ಆ ಮಾತು ಪೂರ್ತಿ ಸುಳ್ಳಲ್ಲ. ಮಕ್ಕಳ ಎಲುಬು ಬೆಳೆಯುತ್ತ ಎಷ್ಟೋ ಸೊಟ್ಟುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ಆದರೆ ಈ ಜಾಗದಲ್ಲಿ ಅದು ಸಾಗದು. ಕಾರಣ ಎರಡು. ತೋಳೆಲುಬಿನ ಉದ್ದದ ಬೆಳವಣಿಗೆಯಲ್ಲಿ ನೂರಕ್ಕೆ 80 ಪಾಲು ಭುಜದ ತುದಿಯಲ್ಲಾಗುತ್ತದೆ. ಮೊಣಕೈಯ ತುದಿಯ ಪಾಲು 20 ಮಾತ್ರ. ಬೆಳವಣಿಗೆಯೇ ಕಡಿಮೆಯಿದ್ದಲ್ಲಿ ತಿದ್ದುಪಡಿಯೂ ಕಡಿಮೆ. ಎರಡನೆಯದಾಗಿ, ಕೀಲು ಯಾವ ದಿಕ್ಕಿನಲ್ಲಿ ಆಡುತ್ತದೋ ಆ ದಿಕ್ಕಿನ ಸೊಟ್ಟು ಮಾತ್ರ ಚೆನ್ನಾಗಿ ತಿದ್ದಿಕೊಳ್ಳುತ್ತದೆ. ಮೊಣಕೈ ಬಾಗಿಲ ಬಿಜಾಗರಿಯಂತೆ ಹಿಂದೆ ಮುಂದೆ ಆಡುವುದೇ ಹೊರತು ಪಕ್ಕಕ್ಕೆ ಆಡುವುದಿಲ್ಲ. ಆದುದರಿಂದ ಪಕ್ಕಕ್ಕೆ ವಾಲಿದುದು ವಾಲಿದಂತೆಯೇ ಉಳಿಯುತ್ತದೆ. ನಾವು ಒಂದು ವರ್ಷ ಕಾದೆವು. ಕೈ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಶಾಲೆಯಲ್ಲಿ ಮಕ್ಕಳು ಅವನನ್ನು “ಸೊಟ್ಟಕೈ” ಎಂದು ಕರೆಯತೊಡಗಿದರು. ಡ್ರಿಲ್ಲಿನ ದಿನ ಹೊಟ್ಟೆನೋವೆಂದು ಹೇಳುವುದನ್ನು ಅವನು ಕಲಿತನು. ಸೆಕೆಗಾಲದಲ್ಲಿಯೂ ತುಂಬುತೋಳಿನ ಅಂಗಿಯೇ ಬೇಕೆಂದನು. 2023ರಲ್ಲಿ, ನಾನು ಬಿ.ಎ.ಗೆ ಸೇರಿದ ವರ್ಷ, ತಂದೆಯವರನ್ನು ಒಪ್ಪಿಸಿ ಅವನನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಎಲುಬಿನ ವೈದ್ಯರು ಮುಚ್ಚುಮರೆಯಿಲ್ಲದೆ ಮಾತನಾಡಿದರು. “ಅಮ್ಮಾ, ಈ ಕೈಯಲ್ಲಿ ಶಕ್ತಿಯಿದೆ, ಎಲ್ಲ ಕೆಲಸ ಮಾಡಬಹುದು. ಆಪರೇಶನ್ ಮುಖ್ಯವಾಗಿ ನೋಟಕ್ಕಾಗಿ. ಮಾಡಲೇಬೇಕೆಂದು ನಾನು ಹೇಳುವುದಿಲ್ಲ” ಎಂದರು. ಆದರೆ ನೋಟವೊಂದೇ ಅಲ್ಲವೆಂಬುದನ್ನೂ ತಿಳಿಸಿದರು. ಮೊಣಕೈ ಏನಕ್ಕಾದರೂ ತಾಗಿದಾಗ ಕರೆಂಟು ಹೊಡೆದಂತೆ ಜುಮ್ಮೆನ್ನುವುದನ್ನು ಎಲ್ಲರೂ ಬಲ್ಲೆವು. ಅಲ್ಲಿ ಒಳಮಗ್ಗುಲಲ್ಲಿ ಒಂದು ನರ ಹಾದುಹೋಗುತ್ತದೆ. ಕೈ ಸೊಟ್ಟಾಗಿರುವ ಕೆಲವರಲ್ಲಿ ಹಲವು ವರ್ಷಗಳ ಮೇಲೆ ಆ ನರ ದುರ್ಬಲವಾಗುತ್ತದೆ. ಹೊರಮಗ್ಗುಲ ಕಟ್ಟುನರಗಳ ಮೇಲೆ ಸದಾ ಎಳೆತ ಬಿದ್ದು ಕೀಲು ಸಡಿಲಾಗುವುದೂ ಉಂಟು. ಇನ್ನೊಮ್ಮೆ ಬಿದ್ದರೆ ಹೊರಮಗ್ಗುಲು ಮುರಿಯುವ ಸಂಭವವೂ ಹೆಚ್ಚು.

ಶಸ್ತ್ರಚಿಕಿತ್ಸೆಯ ಕ್ರಮ ಹೀಗಿದೆ. ಮೊದಲು ಎರಡೂ ಕೈಗಳ ಎಕ್ಸ್-ರೇ ತೆಗೆದು ಕೋನ ಅಳೆಯುತ್ತಾರೆ. ಕೆಟ್ಟ ಕೈಗೆ ಒಳ್ಳೆಯ ಕೈಯೇ ಮಾದರಿ. ತಮ್ಮನ ಬಲಗೈ ಹೊರಕ್ಕೆ 10 ಡಿಗ್ರಿ ವಾಲಿತ್ತು. ಎಡಗೈ ಒಳಕ್ಕೆ 20 ಡಿಗ್ರಿ. ಹತ್ತೂ ಇಪ್ಪತ್ತೂ ಕೂಡಿದರೆ 30. ಮೊಣಕೈಗಿಂತ ಸ್ವಲ್ಪ ಮೇಲೆ, ತೋಳೆಲುಬಿನಿಂದ 30 ಡಿಗ್ರಿಯ ಒಂದು ಬೆಣೆಯನ್ನು ಕೊಯ್ದು ತೆಗೆಯಬೇಕು. ಬೆಣೆಯ ದಪ್ಪ ಬದಿ ಹೊರಮಗ್ಗುಲಿಗೆ, ಮೊನೆ ಒಳಮಗ್ಗುಲಿಗೆ. ಅಲ್ಲಿ ಎಲುಬು 3 ಸೆಂಟಿಮೀಟರು ಅಗಲವಿದ್ದರೆ ಬೆಣೆಯ ದಪ್ಪ ಬದಿ ಸುಮಾರು 1.7 ಸೆಂಟಿಮೀಟರು ಆಗುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು ಈ ಲೆಕ್ಕಕ್ಕೆ. ಬೆಣೆ ತೆಗೆದ ಬಿರುಕನ್ನು ಮುಚ್ಚಿದರೆ ಮುಂಗೈ ತಾನಾಗಿ ಹೊರಕ್ಕೆ ಹೊರಳುತ್ತದೆ.

ಇದು ತಾಯಿಗೆ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ನಾನು ಅವರ ಗೆರಸೆಯಿಂದ ಉದ್ದನೆಯ ಒಂದು ಬೀಡಿ ಎಲೆಯ ಪಟ್ಟಿ ತೆಗೆದುಕೊಂಡು, ಕತ್ತರಿಯಿಂದ ಒಂದು ಬದಿಯಲ್ಲಿ ಬೆಣೆಯಾಕಾರ ಕತ್ತರಿಸಿ, ಇನ್ನೊಂದು ಬದಿಯನ್ನು ಕೂಡಿಕೊಂಡಂತೆ ಬಿಟ್ಟು, ಬಿರುಕನ್ನು ಮುಚ್ಚಿ ತೋರಿಸಿದೆ. ಎಲೆ ಕತ್ತರಿಸಿದ ಬದಿಗೆ ಬಾಗಿತು. ಅವರು ಎರಡು ಸಲ ತಾವೇ ಮಾಡಿ ನೋಡಿ, “ಇಷ್ಟೆಯಾ?” ಎಂದರು.

ಇಷ್ಟೇ ಅಲ್ಲವೆಂಬುದು ನಿಜ. ಕೊಯ್ದ ಎಲುಬು ಕದಲದಂತೆ ಹಿಡಿದಿಡಬೇಕು. 1959ರಲ್ಲಿ, ಗಾರ್ಟ್‌ಲಂಡರು ಬರೆದ ವರ್ಷವೇ, ಫ್ರೆಂಚ್ ಎಂಬ ಹೆಸರಿನ ಶಸ್ತ್ರವೈದ್ಯರು ಬಿರುಕಿನ ಮೇಲೊಂದು ಕೆಳಗೊಂದು ತಿರುಪು ಹಾಕಿ, ಅವುಗಳಿಗೆ ತಂತಿ ಸುತ್ತಿ ಬಿಗಿಯುವ ಕ್ರಮವನ್ನು ಪ್ರಕಟಿಸಿದರು. ಜರ್ಮನಿಯ ಕಿರ್ಷ್ನರರು 1909ರಲ್ಲಿ ಬಳಕೆಗೆ ತಂದ ಉಕ್ಕಿನ ತಂತಿಗಳನ್ನು ಹಾಕುವುದೂ ಇದೆ. ದೊಡ್ಡ ಮಕ್ಕಳಿಗೆ ಪ್ಲೇಟು ಹಾಕುವುದೂ ಇದೆ. ಬೆಣೆ ತೆಗೆದಾಗ ಹೊರಮಗ್ಗುಲಲ್ಲಿ ಎಲುಬು ಸ್ವಲ್ಪ ಉಬ್ಬಿ ಕಾಣುವುದು ಈ ಕ್ರಮದ ಒಂದು ಕೊರತೆ. ಅದನ್ನು ತಪ್ಪಿಸಲು ಕೆಲವರು ಎಲುಬನ್ನು ಕಮಾನಿನಂತೆ ಕೊಯ್ದು ಹೊರಳಿಸುತ್ತಾರೆ. ಇನ್ನು ಕೆಲವರು ಮೆಟ್ಟಿಲಿನಂತೆ ಕೊಯ್ಯುತ್ತಾರೆ. ಅವು ನೋಟಕ್ಕೆ ಮೇಲು, ಆದರೆ ಮಾಡಲು ಕಷ್ಟ. ಮುರಿತವಾಗಿ ಸುಮಾರು ಒಂದು ವರ್ಷವಾದರೂ ಕಳೆದು, ಕೀಲು ಚೆನ್ನಾಗಿ ಆಡತೊಡಗಿದ ಮೇಲೆಯೇ ಇದನ್ನು ಮಾಡುವುದು ವಾಡಿಕೆ.

ಅಪಾಯಗಳೂ ಇವೆ. ನರಕ್ಕೆ ಪೆಟ್ಟಾಗಿ ಕೈ ದುರ್ಬಲವಾಗಬಹುದು, ಕೀವಾಗಬಹುದು, ಕೀಲು ಬಿಗಿಯಬಹುದು, ತಂತಿ ಸಡಿಲಾಗಿ ಸೊಟ್ಟು ಮರಳಬಹುದು. ಇವೆಲ್ಲ ಒಪ್ಪಿಗೆಯ ಕಾಗದದಲ್ಲಿ ಅಚ್ಚಾಗಿದ್ದುವು. ಕಾಗದ ಇಂಗ್ಲಿಷಿನಲ್ಲಿತ್ತು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ತಂದೆಯವರು ಅದನ್ನು ನನ್ನ ಕೈಗೆ ಕೊಟ್ಟು, “ಓದಿ ಹೇಳು ಮಗಾ” ಎಂದರು. ಆಸ್ಪತ್ರೆಯ ಜಗಲಿಯಲ್ಲಿ ಕೂತು ಒಂದೊಂದೇ ವಾಕ್ಯವನ್ನು ನಮ್ಮ ಮಾತಿನಲ್ಲಿ ಹೇಳಿದೆ. ಯಾವುದನ್ನೂ ಬಿಡಲಿಲ್ಲ. “ಈಗ ಆಡುವ ಕೈ ನಾಳೆ ಆಡದಿದ್ದರೆ?” ಎಂದು ಅವರು ಕೇಳಿದರು. ಅಜ್ಜಿಯ ವಾದವೂ ಅದೇ: “ಸೊಟ್ಟ ಕೈಯಾದರೇನು, ಉಣ್ಣುತ್ತಾನಲ್ಲ!” ಹೊರೆ ಹೊತ್ತು ಬದುಕುವವರಿಗೆ ಕೈಯೆಂದರೆ ಮೊದಲು ದುಡಿಯುವ ಸಾಧನ, ಚೆಂದ ಆಮೇಲಿನ ಮಾತು. ಅವರನ್ನು ತಪ್ಪೆನ್ನಲು ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ತಂದೆಯವರು ತಮ್ಮನನ್ನೇ ಕೇಳಿದರು. ಅವನು, “ಅಂಗಿಯ ತೋಳು ಮಡಚಬೇಕು ನನಗೆ” ಎಂದಷ್ಟೇ ಹೇಳಿದನು. ತಂದೆಯವರು ಸಹಿ ಮಾಡಿದರು.

ದಸರಾ ರಜೆಯಲ್ಲಿ ಆಪರೇಶನ್ ಆಯಿತು. ಎರಡು ತಂತಿ, ಮೇಲೆ ಪ್ಲಾಸ್ಟರು. ಅಂದು ರಾತ್ರಿ ಗಂಟೆಗೊಮ್ಮೆ ದಾದಿಯರು ಬಂದು ಬೆರಳು ಆಡಿಸು ಎನ್ನುತ್ತಿದ್ದರು, ಉಗುರು ಒತ್ತಿ ಬಣ್ಣ ನೋಡುತ್ತಿದ್ದರು. ಹಿಂದಿನ ಆ ರಾತ್ರಿ ನಮಗೆ ಗೊತ್ತಿಲ್ಲದಿದ್ದ ಪರೀಕ್ಷೆ ಇದೇ ಅಲ್ಲವೇ ಎಂದು ನಾನು ಮನಸ್ಸಿನಲ್ಲಿಯೇ ನೊಂದುಕೊಂಡೆ. ಐದು ವಾರದ ಮೇಲೆ ತಂತಿ ತೆಗೆದರು. ಮೊದಮೊದಲು ಮೊಣಕೈ ಮರದಂತೆ ಬಿಗಿದಿತ್ತು. ಎಳೆದು ನೀಡಿಸಬಾರದು, ಎಣ್ಣೆ ಹಾಕಿ ತಿಕ್ಕಬಾರದು, ಅವನಾಗಿಯೇ ಆಡಿಸಬೇಕು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಮೂರು ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಎಲ್ಲ ಚಲನೆ ಮರಳಿತು. ಈಗಲೂ ಕೈ ಪೂರ್ತಿ ನೀಡಲು ತುಸು ಉಳಿದಿದೆ. ಹೊರಮಗ್ಗುಲಲ್ಲಿ ಸಣ್ಣ ಉಬ್ಬೂ ಉದ್ದನೆಯ ಕಲೆಯೂ ಇವೆ. ಆದರೆ ಕೈ ನೆಟ್ಟಗಿದೆ. ಅವನು ಅರೆತೋಳಿನ ಅಂಗಿ ಹಾಕುತ್ತಾನೆ.

ಖರ್ಚಿನ ವಿಷಯವಾಗಿ ಒಂದು ಮಾತು. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಯೋಜನೆ ಇದೆ; ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿಗೆ ಅದರಲ್ಲಿ ಅವಕಾಶವಿದೆ. ತಮ್ಮ ಬಿದ್ದ ದಿನ ನಮ್ಮ ಮನೆಯಲ್ಲಿ ರೇಷನ್ ಕಾರ್ಡು ಇತ್ತು. ಅದನ್ನು ಹಿಡಿದುಕೊಂಡು ಆಸ್ಪತ್ರೆಯಲ್ಲಿ ವಿಚಾರಿಸಬಹುದೆಂಬ ಜ್ಞಾನ ಇರಲಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮಗು ಕೈ ಊರಿ ಬಿದ್ದು ಮೊಣಕೈ ಬಾತರೆ ಎಳೆಯಬೇಡಿ, ತಿಕ್ಕಬೇಡಿ. ಕೈ ಇದ್ದ ಹಾಗೆಯೇ ಒಂದು ರಟ್ಟನ್ನೋ ಮಡಚಿದ ಪತ್ರಿಕೆಯನ್ನೋ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ, ಅಂದೇ ಎಕ್ಸ್-ರೇ ತೆಗೆಸಿ. ಬೆರಳು ತಣ್ಣಗಾದರೆ, ಬಿಳಿಚಿದರೆ, ಜುಮುಗುಟ್ಟಿದರೆ, ಬೆರಳು ನೀಡಿಸಿದಾಗ ತಡೆಯಲಾರದ ನೋವಾದರೆ ಒಂದು ಗಳಿಗೆಯೂ ಕಾಯಬೇಡಿ. ಆರಂಭದಲ್ಲಿ ಸರಿಯಾಗಿ ಕೂಡಿಸಿದ ಎಲುಬಿಗೆ ಎರಡನೆಯ ಆಪರೇಶನ್ ಬೇಕಾಗುವುದು ಅಪರೂಪ.

ಎಲುಬಿನ ವೈದ್ಯಕ್ಕೆ ಆರ್ಥೋಪೆಡಿಕ್ಸ್ ಎಂಬ ಹೆಸರಿಟ್ಟವರು ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬವರು, 1741ರಲ್ಲಿ. ಗ್ರೀಕಿನಲ್ಲಿ ಆರ್ಥೋಸ್ ಎಂದರೆ ನೆಟ್ಟಗಿನದು, ಪೈಡಿಯೋನ್ ಎಂದರೆ ಮಗು. ಅವರ ಗ್ರಂಥದಲ್ಲಿ ಸೊಟ್ಟಾಗಿ ಬೆಳೆದ ಒಂದು ಮರವನ್ನು ನೇರವಾದ ಗೂಟಕ್ಕೆ ಹಗ್ಗದಿಂದ ಕಟ್ಟಿದ ಚಿತ್ರವಿದೆ. ಇಂದಿಗೂ ಅನೇಕ ದೇಶಗಳ ಎಲುಬು ವೈದ್ಯರ ಸಂಘಗಳಿಗೆ ಅದೇ ಲಾಂಛನ. ಓದು ಕೂಡ ಅಂಥದೇ ಒಂದು ಗೂಟವೆಂದು ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಗೂಟ ಮಾತನಾಡದೆ ನಿಂತರೂ ಮರಕ್ಕೆ ಸಾಕು. ಓದಿದವರು ಮಾತನಾಡದೆ ನಿಂತರೆ ಸಾಲದು. 2022ರ ಆ ದಿನ “ಒಂದು ಎಕ್ಸ್-ರೇ ತೆಗೆಸೋಣ” ಎಂಬ ಮಾತು ನನ್ನ ಬಾಯಿಗೆ ಬಂದಿದ್ದರೆ ತಮ್ಮನ ತೋಳಿನಲ್ಲಿ ಈ ಕಲೆ ಇರುತ್ತಿರಲಿಲ್ಲ. ಮೊದಲನೆಯವರಾಗಿ ಕಾಲೇಜಿಗೆ ಬಂದ ನನ್ನಂಥವರು ಈ ತರಗತಿಗಳಲ್ಲಿ ಅನೇಕರಿದ್ದೇವೆ. ನಮ್ಮ ನಮ್ಮ ಮನೆಗಳಲ್ಲಿ ಇಂಥ ಒಂದು ಗಳಿಗೆ ಬಂದಾಗ ನಾವು ಸುಮ್ಮನಿರದಿದ್ದರೆ, ಈ ಬರಹದ ಶ್ರಮ ಸಾರ್ಥಕ.